ಬೈಪಾಸ್ ಜೊತೆಗೇ ಗಾಲ್ ಬ್ಲಾಡರ್ ಕೂಡ ತೆಗೆಸಿದ್ದು: ಬೆಂಗಳೂರಿನ ಒಂದು ಬೇರಿಯಾಟ್ರಿಕ್ ಸೆಂಟರ್ ಬಗ್ಗೆ ನನ್ನ ಅನುಭವ

ಹೋದ ವರ್ಷ ನಂಗೆ ಗ್ಯಾಸ್ಟ್ರಿಕ್ ಬೈಪಾಸ್ ಆಯ್ತು, ಅಂದ್ರೆ ತೂಕ ಇಳಿಸೋಕೆ ಜಠರ ಚಿಕ್ಕದು ಮಾಡಿ ಕರುಳಿನ ದಾರಿ ಬದಲಿಸೋ ಆಪರೇಷನ್, ಅದೇ ಅನಸ್ತೇಶಿಯಾದಲ್ಲಿ ಗಾಲ್ ಬ್ಲಾಡರ್ (ಪಿತ್ತಕೋಶ) ಕೂಡ ತೆಗೆದ್ರು. ಇವತ್ತಿಗೆ 13 ತಿಂಗಳು. 112 ಕೆಜಿ ಇದ್ದೋಳು 74ಕ್ಕೆ ಬಂದಿದೀನಿ, ಶುಗರ್ ಮಾತ್ರೆ ನಾಲ್ಕಿದ್ದಿದ್ದು ಒಂದಾಗಿದೆ, ಇದನ್ನೆಲ್ಲ ಸಿಕ್ಕಿದೋರೆಲ್ಲ ಕೇಳ್ತಾರೆ. ಆದ್ರೆ ಗಾಲ್ ಬ್ಲಾಡರ್ ತೆಗೆಸ್ಲಾ ಬೇಡ್ವಾ ಅಂತ ನಾನು ಎರಡು ತಿಂಗಳು ತಲೆ ಕೆಡಿಸ್ಕೊಂಡಿದ್ನಲ್ಲ, ಆಗ ಕನ್ನಡದಲ್ಲಿ ಓದೋಕೆ ನಂಗೆ ಏನೂ ಸಿಕ್ಕಿರ್ಲಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ. ಸೆಂಟರ್ ಹೆಸರು ಹಾಕಲ್ಲ, ಯಾಕಂದ್ರೆ ಒಳ್ಳೇದರ ಜೊತೆ ನಂಗೆ ಬೇಜಾರಾಗಿದ್ದೂ ಬರೀಬೇಕು. ಬೆಂಗಳೂರಲ್ಲಿರೋ ಒಂದು ಮಧ್ಯಮ ಸೈಜಿನ ಆಸ್ಪತ್ರೆ, ಅದರಲ್ಲಿ ಬೇರಿಯಾಟ್ರಿಕ್, ಅಂದ್ರೆ ತೂಕ ಇಳಿಸೋ ಆಪರೇಷನ್‌ಗೆ ಅಂತ್ಲೇ ಬೇರೆ ವಿಭಾಗ ಇದೆ, ಅಷ್ಟು ಸಾಕು.

ನಾನು ತುಮಕೂರಿನೋಳು, ಸ್ಕೂಲ್ ಟೀಚರ್, 44 ವರ್ಷ. ಎತ್ತರ 157 ಸೆಂಟಿಮೀಟರ್, ಅಂದ್ರೆ ಬಿಎಂಐ (ಎತ್ತರಕ್ಕೆ ಹೋಲಿಸಿ ನೋಡೋ ತೂಕದ ಲೆಕ್ಕ) 45 ಇತ್ತು. 9 ವರ್ಷದಿಂದ ಶುಗರ್, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಲೆಕ್ಕ) 9ಕ್ಕಿಂತ ಕೆಳಗೆ ಇಳೀತಾನೇ ಇರ್ಲಿಲ್ಲ. ರಾತ್ರಿ ಮಲಗಿದ್ರೆ ಹುಳಿ ತೇಗು ಗಂಟಲಿಗೆ ಬರೋದು. ಮೆಟ್ಟಿಲು ಹತ್ತಿ ಎರಡನೇ ಮಹಡಿ ಕ್ಲಾಸಿಗೆ ಹೋದ್ರೆ ಐದು ನಿಮಿಷ ಪಾಠ ಶುರು ಮಾಡಕ್ಕಾಗ್ತಿರ್ಲಿಲ್ಲ, ಮಕ್ಕಳು ಸುಮ್ನೆ ಕೂತು ಕಾಯೋವು.

ಮೊದಲು ಹೋಗಿದ್ದು ಬೇರೆ ಒಂದು ಕಡೆ. ಅಲ್ಲಿ ಡಾಕ್ಟ್ರನ್ನ ನೋಡೋಕೆ ಮುಂಚೆನೇ ಕೌನ್ಸೆಲರ್ ಅಂತ ಒಬ್ಬ ಹುಡುಗಿ ಕೂರಿಸ್ಕೊಂಡು ಪ್ಯಾಕೇಜ್ ಶೀಟ್ ತೋರಿಸಿದ್ಲು. ಸ್ಲೀವ್ (ಜಠರದ ದೊಡ್ಡ ಭಾಗ ಕತ್ತರಿಸಿ ತೆಗೆಯೋ ಆಪರೇಷನ್) ಇಷ್ಟು, ಬೈಪಾಸ್ ಇಷ್ಟು, ಸ್ಲೀವ್ ಪ್ಲಸ್ ಗಾಲ್ ಬ್ಲಾಡರ್ ಇಷ್ಟು. ಗಾಲ್ ಬ್ಲಾಡರ್ ಯಾಕಮ್ಮ ಅಂದೆ. ತೂಕ ಬೇಗ ಇಳಿದ್ರೆ ಕಲ್ಲಾಗುತ್ತೆ ಮೇಡಂ, ಆಮೇಲೆ ಇನ್ನೊಂದು ಆಪರೇಷನ್ ಯಾಕೆ, ಹೊಟ್ಟೆ ಒಳಗೆ ಹೋಗಿರ್ತೀವಲ್ಲ ಒಟ್ಟಿಗೇ ಮುಗಿಸ್ಬಿಡೋಣ ಅಂದ್ಲು. ಆವತ್ತಿಗೆ ನಂಗೆ ಒಂದು ಸ್ಕ್ಯಾನ್ ಕೂಡ ಆಗಿರ್ಲಿಲ್ಲ. ನನ್ನ ಹೊಟ್ಟೇಲಿ ಕಲ್ಲಿದ್ಯೋ ಇಲ್ವೋ ಅಂತ ಯಾರಿಗೂ ಗೊತ್ತಿಲ್ಲ, ಆದ್ರೂ ಶೀಟಲ್ಲಿ ರೇಟ್ ಇತ್ತು. ಆಗ ನಂಗೆ ಅದು ತಪ್ಪು ಅನ್ನಿಸಲೇ ಇಲ್ಲ. ನಿಜ ಹೇಳ್ಬೇಕಂದ್ರೆ ಖುಷಿನೇ ಆಯ್ತು, ಒಂದೇ ಖರ್ಚಲ್ಲಿ ಎರಡು ಕೆಲಸ ಆಗುತ್ತೆ ಅಂತ.

ಅದಕ್ಕೊಂದು ಕಾರಣ ಇದೆ. ನಮ್ಮಮ್ಮಂಗೆ ಗಾಲ್ ಬ್ಲಾಡರ್ ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಾಕೊಂಡು ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಆಗಿತ್ತು, ನಾನಾಗ ಹೈಸ್ಕೂಲು. ಹನ್ನೆರಡು ದಿನ ಆಸ್ಪತ್ರೆ, ಆಮೇಲೆ ಹೊಟ್ಟೆ ಕೊಯ್ದು ಆಪರೇಷನ್, ಬಲಗಡೆ ಪಕ್ಕೆ ಕೆಳಗೆ ಒಂದು ಗೇಣುದ್ದ ಗಾಯದ ಗುರುತು ಇವತ್ತಿಗೂ ಇದೆ. ಗಾಲ್ ಬ್ಲಾಡರ್‌ನ ಸಣ್ಣ ರಂಧ್ರಗಳಿಂದಲೇ ತೆಗೆಯೋ ಈ ದೂರ್ಬೀನ್ (ಲ್ಯಾಪರೋಸ್ಕೋಪಿ) ಆಪರೇಷನ್ ನಮ್ಮ ದೇಶಕ್ಕೆ ಬಂದಿದ್ದೇ 1990ರಲ್ಲಿ, ಮುಂಬಯಿ ಜೆ.ಜೆ. ಆಸ್ಪತ್ರೆಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅವ್ರು ಮಾಡಿದ್ದು, ನಮ್ಮಂಥ ಊರುಗಳಿಗೆ ಅದು ಬರೋಕೆ ಇನ್ನೂ ಎಷ್ಟೋ ವರ್ಷ ಹಿಡೀತು. ಅಮ್ಮ ಆ ಹನ್ನೆರಡು ದಿನ ಹೊಟ್ಟೆ ಹಿಡ್ಕೊಂಡು ಮಗ್ಗುಲಾಗಿ ಮಲಗಿದ್ದಿದ್ದು ನನ್ನ ಕಣ್ಣಲ್ಲಿ ಹಾಗೇ ಇದೆ. ಹಾಗಾಗಿ ತೆಗೀತೀವಿ ಅಂದ ತಕ್ಷಣ ತೆಗೀರಿ ಅನ್ನೋ ಮನಸ್ಸೇ ನಂದು.

ಮನೇಲಿ ಒಬ್ಬೊಬ್ರು ಒಂದೊಂದು. ಅತ್ತೆ, "ಅಲ್ಲ ಕಣೇ, ದೇವ್ರು ಕೊಟ್ಟಿರೋದನ್ನ ಏನೂ ಆಗ್ದೇನೇ ಯಾಕ್ ಕಿತ್ತಾಕಿಸ್ತೀಯ" ಅಂದ್ರು. ಅಕ್ಕ ಬಾಳೆದಿಂಡಿನ ರಸ ಕುಡಿ ಕಲ್ಲೆಲ್ಲ ಕರಗುತ್ತೆ ಅಂದ್ಲು. (ಇದೊಂದು ಇಲ್ಲೇ ಹೇಳ್ಬಿಡ್ತೀನಿ: ಬಾಳೆದಿಂಡು ನಮ್ಮ ಕಡೆ ಕೊಡೋದು ಕಿಡ್ನಿ ಕಲ್ಲಿಗೆ. ಇದು ಕಿಡ್ನಿ ಅಲ್ಲ, ಗಾಲ್ ಬ್ಲಾಡರ್ ಕಲ್ಲು ಮೂತ್ರದಲ್ಲಿ ಹೋಗೋ ದಾರಿನೇ ಇಲ್ಲ. ಕಲ್ಲಿರೋರು ಅದನ್ನ ನಂಬ್ಕೊಂಡು ತಿಂಗಳುಗಟ್ಟಲೆ ಕೂರ್ಬೇಡಿ.) ನಮ್ಮನೆಯವ್ರು ಮಾತ್ರ ಇನ್ನೊಂದು ಕಡೆ ಒಂದ್ಸಲ ತೋರಿಸೋಣ ಅಂತ ಹಟ ಹಿಡಿದ್ರು, ಅವರಿಗೆ ಆ ಪ್ಯಾಕೇಜ್ ಶೀಟ್ ಇಷ್ಟ ಆಗಿರ್ಲಿಲ್ಲ. ಹಾಗೆ ಹೋಗಿದ್ದು ಈ ಸೆಂಟರ್‌ಗೆ.

ಇಲ್ಲಿ ಮೊದಲ ದಿನವೇ ಸರ್ಜನ್ 50 ನಿಮಿಷ ಕೂತ್ಕೊಂಡ್ರು. ಗಡಿಯಾರ ನೋಡಿ ಹೇಳ್ತಿದೀನಿ. ನಾನು ಹೋಗಿ ಕೂತಿದ್ದೇ, ಡಾಕ್ಟ್ರೇ ಸ್ಲೀವ್ ಜೊತೆ ಗಾಲ್ ಬ್ಲಾಡರ್ ಕೂಡ ತೆಗೆದ್ಬಿಡಿ ಅಂದೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಮೂರು ವಿಷಯ ಗೊತ್ತಾಗ್ಬೇಕು ಅಂದ್ರು: ಕಲ್ಲಿದ್ಯಾ, ಕಲ್ಲು ತೊಂದ್ರೆ ಕೊಟ್ಟಿದ್ಯಾ, ಯಾವ ಆಪರೇಷನ್ ಮಾಡ್ತೀವಿ. ಇದು ಗೊತ್ತಾಗದೇ ತೆಗೀತೀನಿ ಅನ್ನೋದೂ ತಪ್ಪು, ತೆಗಿಯಲ್ಲ ಅನ್ನೋದೂ ತಪ್ಪು ಅಂದ್ರು. ನಂಗೆ ಸ್ವಲ್ಪ ಸಿಟ್ಟೇ ಬಂತು, ದುಡ್ಡು ಕೊಡೋಳು ನಾನು, ತೆಗೀರಿ ಅಂದ್ರೆ ಇವರಿಗೇನು ಅಂತ.

ಆಮೇಲೆ ಅವರು ವಿವರಿಸಿದ್ದು ನನಗೆ ಅರ್ಥ ಆದ ಹಾಗೆ ಬರೀತೀನಿ. ಪಿತ್ತ ತಯಾರು ಮಾಡೋದು ಲಿವರ್. ಗಾಲ್ ಬ್ಲಾಡರ್ ಅಂದ್ರೆ ಅದನ್ನ ಕೂಡಿಟ್ಟು ಗಟ್ಟಿ ಮಾಡೋ ಒಂದು ಪುಟ್ಟ ಚೀಲ, 30ರಿಂದ 50 ಎಂಎಲ್ ಹಿಡಿಯುತ್ತೆ ಅಷ್ಟೇ, ನಾವು ಜಿಡ್ಡಿನದ್ದು ತಿಂದಾಗ ಹಿಂಡಿ ಕರುಳಿಗೆ ಬಿಡುತ್ತೆ. ತೂಕ ಸರ್ರನೆ ಇಳಿಯುವಾಗ, ಅಂದ್ರೆ ವಾರಕ್ಕೆ ಒಂದೂವರೆ ಕೆಜಿಗಿಂತ ಜಾಸ್ತಿ ಹೋಗೋವಾಗ, ಮೈಯಲ್ಲಿರೋ ಕೊಬ್ಬು ಕರಗಿ ಅದರ ಕೊಲೆಸ್ಟ್ರಾಲ್ ಲಿವರ್ ಮೂಲಕ ಪಿತ್ತಕ್ಕೆ ಸೇರುತ್ತೆ. ಒಂದು ಲೋಟ ನೀರಿಗೆ ಕರಗೋದಕ್ಕಿಂತ ಜಾಸ್ತಿ ಸಕ್ಕರೆ ಹಾಕಿದ್ರೆ ತಳದಲ್ಲಿ ಕೂರುತ್ತಲ್ಲ ಹಾಗೆ. ಅದರ ಮೇಲೆ ನಾವು ತಿನ್ನೋದೇ ನಾಲ್ಕು ಚಮಚ, ಅದರಲ್ಲೂ ಜಿಡ್ಡಿಲ್ಲ, ಹಾಗಾಗಿ ಚೀಲ ಸರಿಯಾಗಿ ಹಿಂಡೋದೂ ಇಲ್ಲ, ಪಿತ್ತ ಅಲ್ಲೇ ನಿಂತು ಮೊದಲು ಕೆಸರಿನ ಥರ ಆಗಿ ಆಮೇಲೆ ಕಲ್ಲಾಗುತ್ತೆ. ಮೊದಲ ಆರು ತಿಂಗಳು ಇದು ಜಾಸ್ತಿ.

ಸರಿ ಹಾಗಿದ್ರೆ ಎಲ್ಲರಿಗೂ ತೆಗೆದ್ಬಿಡಬಹುದಲ್ವಾ ಅಂದೆ. ಒಂದು ಕಾಲದಲ್ಲಿ ಹಾಗೇ ಮಾಡ್ತಿದ್ರಂತೆ, ಹೊಟ್ಟೆ ಕೊಯ್ದು ಬೈಪಾಸ್ ಮಾಡೋ ಕಾಲದಲ್ಲಿ ಎಷ್ಟೋ ಕಡೆ ಕಲ್ಲಿರ್ಲಿ ಬಿಡ್ಲಿ ಗಾಲ್ ಬ್ಲಾಡರ್ ತೆಗೆಯೋದೇ ಪದ್ಧತಿ. ದೂರ್ಬೀನ್ ಬಂದ್ಮೇಲೆ ಅದು ಬಹುತೇಕ ನಿಂತೋಯ್ತು. ಕಾರಣ, ಕಲ್ಲಾಗೋದು ಬೇರೆ, ಕಲ್ಲು ತೊಂದ್ರೆ ಕೊಡೋದು ಬೇರೆ. ಬೈಪಾಸ್ ಆದೋರಲ್ಲಿ ಆಮೇಲೆ ಗಾಲ್ ಬ್ಲಾಡರ್ ತೆಗೆಸೋ ಪರಿಸ್ಥಿತಿ ಬರೋದು ನೂರಕ್ಕೆ ಸುಮಾರು 7 ಜನಕ್ಕೆ, ಅಂತ ಹಲವು ಸ್ಟಡಿಗಳನ್ನ ಕೂಡಿಸಿ ನೋಡಿದ ಲೆಕ್ಕ ಇದೆ. ಆ ಏಳು ಜನಕ್ಕೋಸ್ಕರ ಮಿಕ್ಕ ತೊಂಬತ್ಮೂರು ಜನಕ್ಕೂ ಚೀಲ ತೆಗೆಯೋದು ಸರಿನಾ ಅನ್ನೋದು ಪ್ರಶ್ನೆ. ತೂಕ ಇಳಿಸೋ ಆಪರೇಷನ್‌ಗೆ ರಂಧ್ರ ಹಾಕೋ ಜಾಗ ಗಾಲ್ ಬ್ಲಾಡರ್‌ಗೆ ಹಾಕೋ ಜಾಗ ಅಲ್ಲ, ಕೋನ ಸರಿಯಾಗಿ ಸಿಗಲ್ಲ, ನಮ್ಮಂಥೋರ ಲಿವರ್ ಕೊಬ್ಬು ತುಂಬ್ಕೊಂಡು ದಪ್ಪಗೆ ಅಡ್ಡ ಬಿದ್ದಿರುತ್ತೆ. ಅಂಥದ್ರಲ್ಲಿ ಪಿತ್ತನಾಳಕ್ಕೆ ಏನಾದ್ರೂ ಏಟಾದ್ರೆ ಅದು ಜೀವನಪೂರ್ತಿ ಗೋಳು. ಸಾವಿರಕ್ಕೆ ಮೂರ್ನಾಲ್ಕು ಜನಕ್ಕೆ ಆಗೋ ವಿಷಯ ಅದು, ಕಮ್ಮಿನೇ, ಆದ್ರೆ ಬೇಕಿಲ್ಲದ ಆಪರೇಷನ್‌ಗೆ ಆ ಕಮ್ಮಿ ರಿಸ್ಕ್ ಕೂಡ ಜಾಸ್ತಿನೇ ಅಂದ್ರು. ಈ ಮಾತು ನನಗೆ ನಾಟ್ತು. ಅತ್ತೆ ಹೇಳಿದ್ದೂ ಇದನ್ನೇ ಅಲ್ವಾ ಅನ್ನಿಸ್ತು.

ಕಲ್ಲಿಲ್ಲದೇ ಇದ್ರೆ ಏನು ಮಾಡ್ತೀರ ಅಂದಿದ್ದಕ್ಕೆ ಅರ್ಸೋಡಿಆಕ್ಸಿಕೋಲಿಕ್ ಆಸಿಡ್ ಅಂತ ಮಾತ್ರೆ, ಆರು ತಿಂಗಳು ಅಂದ್ರು. ಅದರ ಬಗ್ಗೆ ನಾನು ಮನೆಗೆ ಬಂದು ಮಗನ ಕೈಲಿ ಹುಡುಕಿಸಿ ಓದಿದೆ. 1995ರಲ್ಲಿ ಅಮೆರಿಕದಲ್ಲಿ ಬೈಪಾಸ್ ಆದೋರ ಮೇಲೆ ಮಾಡಿದ ಒಂದು ಪ್ರಯೋಗದಲ್ಲಿ, ಬರೀ ಖಾಲಿ ಮಾತ್ರೆ ತಗೊಂಡೋರಲ್ಲಿ ಆರು ತಿಂಗಳಲ್ಲಿ 32% ಜನಕ್ಕೆ ಕಲ್ಲಾಗಿತ್ತು, ದಿನಕ್ಕೆ 600 ಮಿಲಿಗ್ರಾಂ ಈ ಮಾತ್ರೆ ತಗೊಂಡೋರಲ್ಲಿ 2% ಮಾತ್ರ. ಅಷ್ಟು ವ್ಯತ್ಯಾಸ ನೋಡಿ ನಂಗೆ ಆಶ್ಚರ್ಯ ಆಯ್ತು. ಆದ್ರೆ ಅದು ಸ್ಕ್ಯಾನಲ್ಲಿ ಕಾಣೋ ಕಲ್ಲಿನ ಲೆಕ್ಕ. ನೋವು ಬಂದು ಆಸ್ಪತ್ರೆ ಸೇರೋ ಲೆಕ್ಕ ಬೇಕಂದ್ರೆ ನೆದರ್‌ಲ್ಯಾಂಡ್ಸ್‌ನಲ್ಲಿ ದೊಡ್ಡದಾಗಿ ಮಾಡಿ 2021ರಲ್ಲಿ ಪ್ರಕಟ ಮಾಡಿದ್ದಿದೆ, ಅದರಲ್ಲಿ ಎರಡು ವರ್ಷದಲ್ಲಿ ತೊಂದ್ರೆ ಕಾಣಿಸ್ಕೊಂಡಿದ್ದು ಮಾತ್ರೆ ಇಲ್ಲದೋರಲ್ಲಿ 9.7%, ಮಾತ್ರೆ ತಗೊಂಡೋರಲ್ಲಿ 6.5%. ಅಂದ್ರೆ ಮಾತ್ರೆ ಉಪಯೋಗ ಇದೆ, ಪವಾಡ ಏನಲ್ಲ. ನಾನು ಈ ಎರಡೂ ಲೆಕ್ಕ ಡೈರಿಲಿ ಬರ್ಕೊಂಡು ಮುಂದಿನ ಸಲ ಡಾಕ್ಟ್ರಿಗೆ ತೋರಿಸಿದೆ. ಅವರು ಅದನ್ನ ಓದಿ, ಸರಿಯಾಗೇ ಬರ್ಕೊಂಡಿದೀರಿ ಮೇಡಂ ಅಂತ ಕೂತು ಮತ್ತೆ ಚರ್ಚೆ ಮಾಡಿದ್ರು. ಪೇಷೆಂಟ್ ಓದ್ಕೊಂಡು ಬಂದ್ರೆ ಮುಖ ಗಂಟು ಹಾಕೋ ಡಾಕ್ಟ್ರುಗಳನ್ನ ನೋಡಿ ನೋಡಿ ಸಾಕಾಗಿದ್ದ ನಂಗೆ ಆ ಅರ್ಧ ಗಂಟೆಗೇ ಐದು ಸ್ಟಾರ್ ಕೊಡ್ಬೇಕು ಅನ್ನಿಸ್ತು.

ಈ ಮಧ್ಯೆ ಟೆಸ್ಟುಗಳು ಆದ್ವು. ಎಂಡೋಸ್ಕೋಪಿಲಿ ಅನ್ನನಾಳದ ಕೆಳಭಾಗದಲ್ಲಿ ಹುಣ್ಣು, ಹಯಾಟಸ್ ಹರ್ನಿಯಾ (ಜಠರದ ಮೇಲ್ಭಾಗ ಎದೆ ಕಡೆಗೆ ಜಾರಿರೋದು). ಅಷ್ಟು ಆಸಿಡ್ ಮೇಲೆ ಬರೋರಿಗೆ ಸ್ಲೀವ್ ಮಾಡಿದ್ರೆ ಅದು ಇನ್ನೂ ಜಾಸ್ತಿ ಆಗಬಹುದು, ಶುಗರ್ ಬೇರೆ ಇದೆ, ನಿಮಗೆ ಬೈಪಾಸ್ ಸರಿ ಅಂದ್ರು. ಹೊಟ್ಟೆ ಸ್ಕ್ಯಾನಲ್ಲಿ ಗ್ರೇಡ್ 2 ಫ್ಯಾಟಿ ಲಿವರ್, ಗಾಲ್ ಬ್ಲಾಡರ್ ಒಳಗೆ ಮೂರು ಕಲ್ಲು, ದೊಡ್ಡದು 8 ಮಿಲಿಮೀಟರ್. ಪಿತ್ತನಾಳ ಚೆನ್ನಾಗಿತ್ತು, ಲಿವರ್ ರಕ್ತಪರೀಕ್ಷೆ ನಾರ್ಮಲ್.

ಕಲ್ಲಿದೆ, ಆದ್ರೆ ನಂಗೇನೂ ತೊಂದ್ರೆ ಇಲ್ಲ, ಇದನ್ನ ಏನು ಮಾಡೋದು? ಎಲ್ಲರೂ ಗೊಂದಲ ಮಾಡ್ಕೊಳ್ಳೋ ಜಾಗ ಇದೇ ಅಂತೆ, ಡಾಕ್ಟ್ರುಗಳಲ್ಲೇ ಇದರ ಬಗ್ಗೆ ಒಮ್ಮತ ಇಲ್ಲ. ಕಲ್ಲಿಲ್ಲದಿದ್ರೆ ಬಿಡೋದು, ಕಲ್ಲಿದ್ದು ನೋವಿದ್ರೆ ತೆಗೆಯೋದು, ಇವೆರಡೂ ಸುಲಭ. ನಡುವಿನೋರು ಕೂತು ಮಾತಾಡ್ಬೇಕು. ಅವರು ಪೇಪರ್ ಮೇಲೆ ಚಿತ್ರ ಬರೆದು ತೋರಿಸಿದ್ರು. ಕಲ್ಲು ಜಾರಿ ಪಿತ್ತನಾಳದಲ್ಲಿ ಕೂತ್ರೆ ಈಗ ಬಾಯಿಂದ ಪೈಪ್ ಇಳಿಸಿ, ಜಠರ ದಾಟಿ, ಡ್ಯುಯೋಡಿನಮ್‌ಗೆ (ಸಣ್ಣ ಕರುಳಿನ ಮೊದಲ ಭಾಗ) ಹೋಗಿ ಅಲ್ಲಿಂದ ಕಲ್ಲು ಎಳೀತಾರೆ, ಇಆರ್‌ಸಿಪಿ ಅಂತಾರಲ್ಲ ಅದು. ಸ್ಲೀವ್ ಆದೋರಿಗೆ ಜಠರ ಸಣ್ಣದಾದ್ರೂ ದಾರಿ ಅದೇ ಇರುತ್ತೆ, ಹಾಗಾಗಿ ಆಮೇಲೆ ಏನಾದ್ರೂ ಆದ್ರೂ ಇಆರ್‌ಸಿಪಿ ಮಾಡಬಹುದು. ಬೈಪಾಸಲ್ಲಿ ದಾರಿನೇ ಬದಲಾಗುತ್ತೆ. ಮೇಲೊಂದು ಪುಟ್ಟ ಜಠರ ಮಾಡಿ ಅದಕ್ಕೆ ಕೆಳಗಿನ ಕರುಳು ಜೋಡಿಸ್ತಾರೆ, ಹಳೇ ಜಠರ, ಡ್ಯುಯೋಡಿನಮ್ ಎಲ್ಲ ಒಳಗೇ ಇರುತ್ತೆ ಆದ್ರೆ ಊಟ ಹೋಗೋ ದಾರೀಲಿ ಇರಲ್ಲ. ಬಾಯಿಂದ ಹೋದ ಪೈಪ್ ಮೀಟರುಗಟ್ಟಲೆ ಕರುಳು ಸುತ್ತಿ ಹಿಂದಿನಿಂದ ಮೇಲೆ ಹತ್ತಬೇಕು, ಎಷ್ಟೋ ಸಲ ತಲುಪೋದೇ ಇಲ್ಲ, ಕೊನೆಗೆ ಮತ್ತೆ ದೂರ್ಬೀನ್ ಹಾಕಿ ಹಳೇ ಜಠರಕ್ಕೆ ತೂತು ಮಾಡಿ ಅಲ್ಲಿಂದ ಹೋಗ್ಬೇಕು. ಅಮ್ಮಂಗೆ ಆದ ಹಾಗೆ ನಂಗೆ ಬೈಪಾಸ್ ಆದ್ಮೇಲೆ ಆದ್ರೆ ಅಂತ ಯೋಚನೆ ಮಾಡಿ ಕೈ ತಣ್ಣಗಾಯ್ತು.

ಅಷ್ಟಾದ್ರೂ ಅವರು ತೆಗೆಸಿ ಅನ್ನಲಿಲ್ಲ. ಇನ್ನೊಂದ್ಸಲ ಕೇಳ್ತೀನಿ, ಯಾವತ್ತೂ ನೋವೇ ಬಂದಿಲ್ವಾ ಅಂದ್ರು. ಇಲ್ಲ ಡಾಕ್ಟ್ರೇ, ಗ್ಯಾಸ್ಟ್ರಿಕ್ ಬಿಟ್ರೆ ಏನಿಲ್ಲ ಅಂದೆ.

ಆ ಗ್ಯಾಸ್ಟ್ರಿಕ್ ಅನ್ನೋ ಪದ ಕೇಳಿದ್ದೇ ಪೆನ್ ಕೆಳಗಿಟ್ರು. ಗ್ಯಾಸ್ಟ್ರಿಕ್ ಅಂದ್ರೆ ಏನು ಹೇಳಿ ಅಂದ್ರು. ನಮ್ಮ ಕಡೆ ಎದೆ ಉರಿದ್ರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದ್ರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದ್ರೂ ಗ್ಯಾಸ್ಟ್ರಿಕ್, ಒಂದು ಪ್ಯಾನ್ 40 ಅಂತ ಆಸಿಡ್ ಮಾತ್ರೆ ನುಂಗಿ ಜೀರಿಗೆ ನೀರು ಕುಡಿದು ಮಲಗೋದು. ಎಲ್ಲಿ ನೋವು, ಬೆರಳಿಟ್ಟು ತೋರಿಸಿ. ಎಷ್ಟೊತ್ತಿಗೆ ಬಂತು, ಎಷ್ಟೊತ್ತು ಇತ್ತು, ಹಿಂದಿನ ಊಟ ಏನು. ಆಗ ನೆನಪಾಯ್ತು. ಎರಡು ವರ್ಷದ ಹಿಂದೆ ನಾದಿನಿ ಮಗಳ ಮದುವೆ ಊಟ ಮಾಡಿ ಬಂದ ರಾತ್ರಿ, ಒಂದು ಗಂಟೆಗೆ ಎಚ್ಚರ ಆಗಿ ಬೆಳಗ್ಗೆ ನಾಲ್ಕರ ತನಕ ಪಕ್ಕೆ ಕೆಳಗೆ ಯಾರೋ ಮುಷ್ಟಿ ಇಟ್ಟು ಒತ್ತಿದ ಹಾಗೆ, ಬಲ ಭುಜದ ಹಿಂದಿನ ತನಕ ಸೆಳೆತ, ಎರಡು ಸಲ ವಾಂತಿ. ಇಸಿಜಿ ಮಾಡಿಸಿದ್ವಿ, ಹಾರ್ಟ್ ಏನಿಲ್ಲ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಹಾಕಿ ಕಳಿಸಿದ್ರು. ಆಮೇಲೆ ಪಕ್ಷದ ಹಬ್ಬಕ್ಕೆ ವಡೆ ಹೋಳಿಗೆ ತಿಂದ ದಿನ ಇನ್ನೊಂದ್ಸಲ, ಆವತ್ತು ಮನೇಲೇ ಸೋಡಾ ಕುಡಿದು ಒದ್ದಾಡಿದ್ದೆ. ಇದನ್ನ ಹೇಳ್ತಿದ್ದ ಹಾಗೇ ಅವರು ತಲೆ ಆಡಿಸಿ ಅಂದಿದ್ದು ನಂಗೆ ಹಾಗೇ ನೆನಪಿದೆ: "ಮೇಡಂ, ಅದು ಗ್ಯಾಸ್ಟ್ರಿಕ್ ಅಲ್ಲ. ನಾವು ಇಷ್ಟು ದಿನ ಮುಂಜಾಗ್ರತೆ ಬಗ್ಗೆ ಮಾತಾಡ್ತಿದ್ವಿ, ನಿಮಗೆ ಕಾಯಿಲೆ ಆಗ್ಲೇ ಶುರುವಾಗಿದೆ."

ಅಲ್ಲಿಗೆ ತೀರ್ಮಾನ ಆಯ್ತು, ಎರಡೂ ಒಟ್ಟಿಗೆ ಅಂತ. ಮೊದಲ ಕಡೆ ಹೋಗಿದ್ರೂ ಗಾಲ್ ಬ್ಲಾಡರ್ ಹೋಗ್ತಿತ್ತಲ್ಲ, ಏನು ವ್ಯತ್ಯಾಸ ಅಂತ ನಮ್ಮ ಸ್ಟಾಫ್ ರೂಮಲ್ಲಿ ಒಬ್ರು ಕೇಳಿದ್ರು. ಅಲ್ಲಿ ತೆಗೆದಿದ್ರೆ ನನ್ನ ಹೊಟ್ಟೇಲಿ ಏನಿದೆ ಅಂತ ನೋಡದೇ ತೆಗೀತಿದ್ರು. ಅದೇ ಶೀಟ್ ಇಟ್ಕೊಂಡು ನನ್ನ ಹಿಂದೆ ಕೂತಿದ್ದ, ಹೊಟ್ಟೇಲಿ ಏನೂ ಇಲ್ಲದ ಇನ್ನೊಬ್ಬ ಹೆಣ್ಣುಮಗಳಿಗೂ ತೆಗೀತಿದ್ರು. ನಂಗೆ ಇದು ಸಣ್ಣ ವ್ಯತ್ಯಾಸ ಅನ್ನಿಸಲ್ಲ.

ಬರೀ ಕಲ್ಲು ತೆಗೆದು ಚೀಲ ಬಿಡಕ್ಕಾಗಲ್ವಾ ಅಂತ ಅತ್ತೆ ಕೇಳಿಸಿದ್ರು, ಅದನ್ನೂ ಕೇಳ್ದೆ. ಬರ್ಲಿನ್‌ನಲ್ಲಿ 1882ರಲ್ಲಿ ಲಾಂಗೆನ್‌ಬುಕ್ ಅನ್ನೋ ಸರ್ಜನ್ ಮೊಟ್ಟಮೊದಲು ಗಾಲ್ ಬ್ಲಾಡರ್ ಪೂರ್ತಿ ತೆಗೆದಿದ್ದೇ ಈ ಕಾರಣಕ್ಕೆ, ಕಲ್ಲು ಮಾಡೋ ಚೀಲ ಅದೇ, ಚೀಲ ಬಿಟ್ಟು ಕಲ್ಲು ತೆಗೆದ್ರೆ ಮತ್ತೆ ಮಾಡುತ್ತೆ ಅಂದ್ರು. ಅತ್ತೆಗೆ ಫೋನಲ್ಲಿ ಹೇಳ್ದೆ, ಒಪ್ಕೊಂಡ್ರು.

ಆಪರೇಷನ್‌ಗೆ ಮುಂಚೆ ಎರಡು ವಾರ ಲಿವರ್ ಕುಗ್ಗಿಸೋ ಡಯಟ್. ಅನ್ನ, ಮುದ್ದೆ, ಚಪಾತಿ, ಸಕ್ಕರೆ ಎಲ್ಲ ಬಂದ್, ಪ್ರೊಟೀನ್ ಪುಡಿ, ಮಜ್ಜಿಗೆ, ಮೊಟ್ಟೆ ಬಿಳಿ, ತರಕಾರಿ. ಕಷ್ಟ ಆಯ್ತು, ನಾಲ್ಕನೇ ದಿನ ತಲೆನೋವಲ್ಲಿ ಅತ್ತೇಬಿಟ್ಟೆ. ಆದ್ರೆ ಗಾಲ್ ಬ್ಲಾಡರ್ ಕೂತಿರೋದೇ ಲಿವರ್ ಅಡಿಯಲ್ಲಿ, ಲಿವರ್ ಮೆತ್ತಗಾದ್ರೇನೇ ಅದನ್ನ ಎತ್ತಿ ಹಿಡಿಯಕ್ಕಾಗೋದು ಅಂತ ಕಾರಣ ಗೊತ್ತಿದ್ದಿದ್ರಿಂದ ತಡ್ಕೊಂಡೆ. ಕನ್ಸೆಂಟ್ ಫಾರಂ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರಲ್ಲಿ, ಮೊದಲು ಬೈಪಾಸ್ ಮುಗಿಸ್ತೀವಿ, ಎಲ್ಲ ಸರಿ ಇದ್ದು ಅನಸ್ತೇಶಿಯಾ ಡಾಕ್ಟ್ರು ಒಪ್ಪಿದ್ರೆ ಮಾತ್ರ ಗಾಲ್ ಬ್ಲಾಡರ್‌ಗೆ ಹೋಗ್ತೀವಿ, ಕಷ್ಟ ಅನ್ನಿಸಿದ್ರೆ ಬಿಟ್ಟು ಬಂದು ಆಮೇಲೆ ಬೇರೆ ದಿನ ನೋಡ್ತೀವಿ ಅಂತ ಕೈಯಲ್ಲಿ ಬರೆದು, ಕನ್ನಡದಲ್ಲಿ ಓದಿ ಹೇಳಿ ಸಹಿ ತಗೊಂಡ್ರು. ಎದ್ದಾಗ ಗಾಲ್ ಬ್ಲಾಡರ್ ಇರಬಹುದು, ಇಲ್ದೇನೂ ಇರಬಹುದು, ಎರಡಕ್ಕೂ ತಯಾರಾಗಿರಿ ಅಂದ್ರು.

ಒಟ್ಟು ಮೂರು ಗಂಟೆ ಚಿಲ್ಲರೆ ಆಯ್ತಂತೆ, ಗಾಲ್ ಬ್ಲಾಡರ್‌ಗೆ ಅಂತ ಒಂದು ರಂಧ್ರ ಜಾಸ್ತಿ. ನಮ್ಮನೆಯವ್ರನ್ನ ಒಳಗೆ ಕರೆದು ಒಂದು ಪುಟ್ಟ ಡಬ್ಬೀಲಿ ಕಲ್ಲು ತೋರಿಸಿದ್ರಂತೆ, ಹಳದಿ ಬಣ್ಣದ ಮೂರು, ದೊಡ್ಡದು ಕಡಲೆಬೇಳೆಗಿಂತ ಸ್ವಲ್ಪ ದಪ್ಪ. ಅವರು ಮನೆಗೂ ತಂದಿದ್ರು, ಅಮ್ಮ ಅದನ್ನ ಕೈಲಿ ಹಿಡ್ಕೊಂಡು ತುಂಬ ಹೊತ್ತು ನೋಡಿದ್ಲು, ಏನೂ ಮಾತಾಡ್ಲಿಲ್ಲ.

ಸಂಜೆಗೇ ನಡೆಸಿದ್ರು. ಹೊಟ್ಟೆ ನೋವಿಗಿಂತ ಭುಜದ ನೋವು ಜಾಸ್ತಿ, ಒಳಗೆ ತುಂಬಿದ ಗ್ಯಾಸಿಂದು, ಮೂರು ದಿನಕ್ಕೆ ಹೋಯ್ತು. ಕಾಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಹೊಟ್ಟೆಗೆ ಇಂಜೆಕ್ಷನ್. ನರ್ಸುಗಳು ತುಂಬ ಒಳ್ಳೆಯೋರು, ಅದರಲ್ಲೂ ರಾತ್ರಿ ಪಾಳಿಲಿ ಇದ್ದ ಹಾವೇರಿ ಕಡೆ ಹುಡುಗಿ, "ಅಕ್ಕಾರ, ಇನ್ನೊಂದು ಗುಟುಕು ತಗೋರಿ" ಅಂತ ಹದಿನೈದು ನಿಮಿಷಕ್ಕೊಮ್ಮೆ ಬಂದು 30 ಎಂಎಲ್ ನೀರು ಕುಡಿಸಿದ್ದನ್ನ ನಾನು ಮರೆಯಲ್ಲ. ಮೂರನೇ ದಿನ ಮನೆ.

ಈಗ ಬೇಜಾರಿನ ವಿಷಯ. ಒಂದು, ಇನ್ಶೂರೆನ್ಸ್ ಡೆಸ್ಕ್. ನಮ್ಮನೆಯವ್ರ ಕಂಪನಿ ಪಾಲಿಸಿ. ಐಆರ್‌ಡಿಎಐ (ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಸಂಸ್ಥೆ) 2019ರಲ್ಲಿ ಮಾಡಿದ್ದ ನಿಯಮದ ಪ್ರಕಾರ ಬಿಎಂಐ 40 ಮೇಲಿದ್ರೆ, ಅಥವಾ 35 ಮೇಲಿದ್ದು ಹಿಡಿತಕ್ಕೆ ಸಿಗದ ಟೈಪ್ 2 ಶುಗರ್, ತೀವ್ರವಾದ ಸ್ಲೀಪ್ ಆಪ್ನಿಯಾ, ಹಾರ್ಟ್ ತೊಂದ್ರೆ ಥರದ್ದು ಇದ್ರೆ ತೂಕದ ಆಪರೇಷನ್ನನ್ನ ಬರೀ ಬೊಜ್ಜು ಅಂತ ತಳ್ಳಿಹಾಕೋ ಹಾಗಿರ್ಲಿಲ್ಲ, ಹಾಗಾಗಿ ಬೈಪಾಸ್‌ಗೆ ತೊಂದ್ರೆ ಆಗ್ಲಿಲ್ಲ. ಆದ್ರೆ ಡೆಸ್ಕಲ್ಲಿ ಅಪ್ರೂವಲ್‌ಗೆ ಕಳಿಸುವಾಗ ಗಾಲ್ ಬ್ಲಾಡರ್ ಮುಂದೆ ಪ್ರೊಫಿಲ್ಯಾಕ್ಟಿಕ್ ಅಂತ ಹಾಕ್ಬಿಟ್ಟಿದ್ರು, ಅಂದ್ರೆ ಮುಂಜಾಗ್ರತೆಗೆ ಅಂತ. ಕಾಯಿಲೆ ಇಲ್ಲದ ಅಂಗ ತೆಗೆಯೋಕೆ ದುಡ್ಡು ಕೊಡಲ್ಲ ಅಂತ ಕ್ವೈರಿ ಬಂತು, ಅದೂ ಅಡ್ಮಿಟ್ ಆಗೋ ಹಿಂದಿನ ದಿನ. ಡಾಕ್ಟ್ರ ನೋಟ್ಸಲ್ಲಿ ಕಲ್ಲು, ಎರಡು ಸಲ ನೋವು, ದಿನಾಂಕ ಎಲ್ಲ ಸರಿಯಾಗಿ ಇತ್ತು, ಡೆಸ್ಕಿನೋರು ಅದನ್ನ ಓದೇ ಇರ್ಲಿಲ್ಲ. ಸ್ಕ್ಯಾನ್ ರಿಪೋರ್ಟ್, ಆ ಮದುವೆ ರಾತ್ರಿದು ಹಳೇ ಇಸಿಜಿ ಚೀಟಿ ಎಲ್ಲ ಕೊಟ್ಟು ಸರಿಪಡಿಸೋಕೆ ಒಂದು ಇಡೀ ದಿನ ನಮ್ಮನೆಯವ್ರು ಲಿಫ್ಟ್ ಹತ್ತಿ ಇಳಿದು ಮಾಡಿದ್ರು. ಕೊನೆಗೆ ಪಾಸಾಯ್ತು, ಎರಡನೇ ಆಪರೇಷನ್‌ಗೆ ಅರ್ಧ ಚಾರ್ಜ್ ಹಾಕಿದ್ರು. ಅಡ್ಮಿಟ್ ಆಗೋಕೆ ಮುಂಚೆ ಆ ಅರ್ಜೀಲಿ ಏನು ಬರೆದಿದಾರೆ ಅಂತ ನೀವೇ ಕೇಳಿ ಓದಿ, ನಿಮ್ಮ ವಿಷಯದಲ್ಲಿ ನಿಜ ಏನೋ ಅದು ಅಲ್ಲಿರ್ಲಿ.

ಎರಡು, ಡಯಟ್ ಚೀಟಿ. ಪೂರ್ತಿ ಇಂಗ್ಲಿಷು, ಅದರಲ್ಲಿ ಬ್ರಾಕೊಲಿ ಸೂಪು, ಸ್ಟ್ರಾಬೆರಿ ಸ್ಮೂದಿ. ಹಳ್ಳಿಯಿಂದ ಬಂದಿದ್ದ ಒಬ್ಬ ಅಜ್ಜಿ ಆ ಚೀಟಿ ಹಿಡ್ಕೊಂಡು ಕಾರಿಡಾರಲ್ಲಿ ಕೂತಿದ್ದು ನೋಡಿ ಹೊಟ್ಟೆ ಉರೀತು. ನಾನು ಡಯಟೀಶಿಯನ್ ಹತ್ರ ಕೂತು, ಬೇಳೆ ಕಟ್ಟು, ಸೋಸಿದ ರಾಗಿ ಅಂಬಲಿ, ನೀರು ಮಜ್ಜಿಗೆ, ಹೆಸರುಬೇಳೆ ಗಂಜಿ, ಮೂರನೇ ವಾರದಿಂದ ಮಿದ್ದ ಪನೀರ್, ಮೊಟ್ಟೆ ಅಂತ ಕನ್ನಡದಲ್ಲಿ ಬರೆಸ್ಕೊಂಡೆ, ದಿನಕ್ಕೆ 60 ಗ್ರಾಂ ಪ್ರೊಟೀನ್ ಲೆಕ್ಕಕ್ಕೆ. ಅದರ ಒಂದು ಪ್ರತಿ ಅವರಿಗೇ ಕೊಟ್ಟು ಬಂದೆ, ಹೋದ ಸಲ ಹೋದಾಗ ಇನ್ನೂ ಹಳೇ ಚೀಟಿನೇ ಕೊಡ್ತಿದ್ರು. ಇದಕ್ಕೆ ಒಂದು ಸ್ಟಾರ್ ಕಟ್.

ಗಾಲ್ ಬ್ಲಾಡರ್ ಇಲ್ದೇ ಇರೋದ್ರಿಂದ ಏನಾಯ್ತು ಅಂತ ಕೇಳೋರಿಗೆ: ಮೊದಲ ಎರಡು ತಿಂಗಳು ಬೆಳಗ್ಗೆ ಎದ್ದ ತಕ್ಷಣ ಓಡಬೇಕಾಗ್ತಿತ್ತು, ನೀರು ನೀರಾಗಿ. ಪಿತ್ತ ಕೂಡಿಡೋ ಜಾಗ ಇಲ್ದೇ ಇರೋದ್ರಿಂದ ಸದಾ ತೊಟ್ಟಿಕ್ಕುತ್ತಾ ಇರುತ್ತೆ, ಕೆಲವರಿಗೆ ಹೀಗಾಗುತ್ತೆ ಅಂತ ಮೊದಲೇ ಹೇಳಿದ್ರು. ಬೈಪಾಸಿಂದಲೂ ಸ್ವಲ್ಪ ಇರಬಹುದು, ಎಷ್ಟು ಯಾವುದರಿಂದ ಅಂತ ಬೇರೆ ಮಾಡಿ ಹೇಳಕ್ಕಾಗಲ್ಲ. ಸ್ಕೂಲಿಗೆ ಮೊದಲ ಪೀರಿಯಡ್ ಬೇಡ ಅಂತ ಹೆಡ್ ಮಿಸ್ ಹತ್ರ ಕೇಳ್ಕೊಂಡಿದ್ದೆ, ಮೂರನೇ ತಿಂಗಳಿಗೆ ಸರಿಹೋಯ್ತು. ಯುಗಾದಿಗೆ ಒಂದು ತುಂಡು ಒಬ್ಬಟ್ಟು ತಿಂದು ಮೈಯೆಲ್ಲ ಬೆವರಿ ಎದೆ ಹೊಡ್ಕೊಂಡು ಅರ್ಧ ಗಂಟೆ ಮಲಗಿದ್ದೆ, ಅದು ಬೈಪಾಸಿನ ಡಂಪಿಂಗ್ (ಸಿಹಿ ಒಮ್ಮೆಲೇ ಕರುಳಿಗೆ ಇಳಿದಾಗ ಆಗೋದು), ಗಾಲ್ ಬ್ಲಾಡರ್‌ಗೂ ಅದಕ್ಕೂ ಸಂಬಂಧ ಇಲ್ಲ. ಬಿ12, ಐರನ್, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ. ಹತ್ತು ದಿನಕ್ಕೆ ಬಯಾಪ್ಸಿ ರಿಪೋರ್ಟ್ ಬಂತು, ಗಾಲ್ ಬ್ಲಾಡರ್ ಗೋಡೇಲಿ ಹಳೇ ಉರಿಯೂತ ಅಂತ, ಬೇರೇನಿಲ್ಲ. ತೆಗೆಸಿದೋರು ಆ ರಿಪೋರ್ಟ್ ಮರೀದೇ ಈಸ್ಕೊಳ್ಳಿ, ಅವರು ತಾವಾಗೇ ಫೋನ್ ಮಾಡಿ ಹೇಳಲ್ಲ, ನಾನೇ ಎರಡು ಸಲ ಫೋನ್ ಮಾಡಿದ್ದು.

ನನ್ನ ಪಕ್ಕದ ರೂಮಲ್ಲಿ ಮಂಡ್ಯ ಕಡೆಯ ಒಬ್ಬ ಹುಡುಗಿ ಇದ್ಲು, 29 ವರ್ಷ, ಸ್ಲೀವ್, ಅದೇ ಡಾಕ್ಟ್ರು. ಅವಳ ಸ್ಕ್ಯಾನಲ್ಲಿ ಕಲ್ಲಿರ್ಲಿಲ್ಲ, ನೋವೂ ಬಂದಿರ್ಲಿಲ್ಲ. ಅವಳ ಅಪ್ಪ ಖರ್ಚಾದ್ರೂ ಪರವಾಗಿಲ್ಲ ಅದನ್ನೂ ತೆಗೀರಿ ಸಾರ್ ಅಂತ ಕೈ ಮುಗಿದು ಕೇಳಿದ್ರಂತೆ. ಡಾಕ್ಟ್ರು ತೆಗಿಯಲ್ಲ ಅಂದ್ರು. 300 ಮಿಲಿಗ್ರಾಂ ಮಾತ್ರೆ ದಿನಕ್ಕೆರಡು, ಆರು ತಿಂಗಳು. ಅವಳು ಮಧ್ಯೆ ಬಿಟ್ಬಿಡ್ತಾಳೆ ಅಂತ ನಂಗೆ ಭಯ, ಯಾಕಂದ್ರೆ ಮಾತ್ರೆ ಕಹಿ, ದುಬಾರಿ ಬೇರೆ, ನೋವಿಲ್ಲದೇ ಇರೋವಾಗ ದಿನಾ ನುಂಗೋಕೆ ಯಾರಿಗೂ ಮನಸ್ಸು ಬರಲ್ಲ. ದಿನಾ ರಾತ್ರಿ ಒಂಬತ್ತಕ್ಕೆ ವಾಟ್ಸಾಪಲ್ಲಿ "ತಗೊಂಡ್ಯಾ ಪುಟ್ಟಾ" ಅಂತ ಕೇಳ್ತಿದ್ದೆ, ಆರು ತಿಂಗಳು ಬಿಡದೇ ಕೇಳ್ದೆ. ಹೋದ ಶನಿವಾರ ಅವಳ ಒಂದು ವರ್ಷದ ಸ್ಕ್ಯಾನ್ ಇತ್ತು. ಮಧ್ಯಾಹ್ನ ನಾನು ಕ್ಲಾಸಲ್ಲಿದ್ದಾಗ ರಿಪೋರ್ಟಿನ ಫೋಟೋ ಬಂತು, ಗಾಲ್ ಬ್ಲಾಡರ್ ಅಂತ ಇರೋ ಸಾಲಿಗೆ ಕೆಂಪು ಗೆರೆ ಎಳೆದು ಕಳಿಸಿದ್ಲು, ಕಲ್ಲಿಲ್ಲ, ಕೆಸರಿಲ್ಲ ಅಂತ.